ಕೋಳಿಗೂಡು ಒಣಗಿರಲಿ
ನಮ್ಮೂರು ಕೆಂಚನಗುಡ್ಡದ ಪಕ್ಕದಲ್ಲೇ ತುಂಗಭದ್ರೆ, ಸುತ್ತಲೂ ಭತ್ತದ ಗದ್ದೆ. ಹಿತ್ತಲಿನ ನಾಟಿಕೋಳಿ ಗೂಡಿಗೆ ಇಲ್ಲಿ ತೇವವೇ ದೊಡ್ಡ ಶತ್ರು. ಸಿರುಗುಪ್ಪದ ರೈಸ್‌ಮಿಲ್ಲಿನಿಂದ ಹೊಟ್ಟು ತರಿಸಿ ನೆಲಕ್ಕೆ ಎರಡು ಮೂರು ಇಂಚು ಹರವುತ್ತೇನೆ. ಬೆಳಿಗ್ಗೆ ಕೋಳಿಗಳನ್ನು ಹೊರಗೆ ಬಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಂದು ಹಿಡಿ ಹೊಟ್ಟು ಅಮುಕಿ ನೋಡುತ್ತೇನೆ. ಉದುರಿದರೆ ಸರಿ, ಮುದ್ದೆಗಟ್ಟಿದರೆ ಬದಲಿಸಲೇಬೇಕು. ಹಸಿ ಹಿಕ್ಕೆಯಿಂದ ಏಳುವ ಅಮೋನಿಯಾ ಕಣ್ಣು ಉರಿಸುತ್ತದೆ. ಮರಿಗಳಿಗೆ ರಕ್ತಭೇದಿ ತರುವ ಕಾಕ್ಸಿಡಿಯಾ ಬಲಿಯುವುದೂ ಆ ತೇವದಲ್ಲೇ, ನನಗೆ ಅದರದ್ದೇ ಹೆಚ್ಚು ಭಯ.

ಕೋಳಿ ಕೂರುವ ಕೋಲಿನ ಸಂದುಗಳನ್ನು ಮಾತ್ರ ಮರೆಯಬೇಡಿ. ಹಗಲೆಲ್ಲ ಅಲ್ಲಿ ಅಡಗಿದ ಕೆಂಪು ನುಸಿ ರಾತ್ರಿ ಹೊರಬಂದು ರಕ್ತ ಹೀರುತ್ತದೆ. ಕುದಿಯುವ ನೀರು ಸುರಿದು ಬಿಸಿಲಿಗಿಡಿ. ಗೋಡೆಗೆ ಸುಣ್ಣ ಬಳಿದರೆ ಅದು ಪೂರ್ತಿ ಒಣಗಿದ ಮೇಲೆಯೇ ಕೋಳಿ ಒಳಗೆ ಬಿಡಿ. ತೆಗೆದ ಹಿಕ್ಕೆ ತಿಪ್ಪೆಯಲ್ಲಿ ಚೆನ್ನಾಗಿ ಕೊಳೆಯಲಿ, ಹಸಿಯಾಗಿ ಹಾಕಿದರೆ ಗಿಡದ ಬೇರು ಸುಡುತ್ತದೆ.