ನೆಲದಡಿಯ ರೈಲಿಗೆ ಇಂದ್ರಾಳಿಯ ಓಟ ಬೇಡ

ಉಡುಪಿಯ ರೈಲು ನಿಲ್ದಾಣ ಇರುವುದು ಇಂದ್ರಾಳಿಯಲ್ಲಿ. ಹೆಚ್ಚಿನ ರೈಲುಗಳು ಅಲ್ಲಿ ಎರಡು ಮೂರು ನಿಮಿಷಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ. ನಮ್ಮ ಬೋಗಿ ಪ್ಲಾಟ್‌ಫಾರಂನ ಆ ತುದಿಯಲ್ಲಿ ನಿಂತರೆ ಅಕ್ಕಿಮುಡಿಯಷ್ಟು ಭಾರದ ಚೀಲ ಹೊತ್ತು, ಮಕ್ಕಳ ಕೈ ಎಳೆದುಕೊಂಡು ಓಡಿ ಹತ್ತಬೇಕು. ತಪ್ಪಿದರೆ ಆ ರಾತ್ರಿಯ ಪ್ರಯಾಣ ಹೋಯಿತು, ಇನ್ನು ಮರುದಿನದ್ದೇ ಮಾತು. 1998ರ ಜನವರಿಯಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆದುಕೊಂಡ ಮೇಲೆ ಈ ಓಟ ನಮ್ಮ ಕಾಲುಗಳಿಗೆ ಚೆನ್ನಾಗಿ ಅಭ್ಯಾಸವಾಗಿದೆ.

ಬೆಂಗಳೂರಿನ ನೆಲದಡಿಯ ಮೆಟ್ರೊದಲ್ಲಿ ಊರಿನಿಂದ ಹೋದವರಿಗೆ ತೊಂದರೆ ತರುವುದು ಈ ಅಭ್ಯಾಸವೇ. ಅಲ್ಲಿ ಬಾಗಿಲು ತೆರೆದಿರುವುದು ಅರ್ಧ ನಿಮಿಷವೂ ಇರಲಿಕ್ಕಿಲ್ಲ. ಆದರೆ ಹಗಲಿನಲ್ಲಿ ಮುಂದಿನ ರೈಲು ಕೆಲವೇ ನಿಮಿಷಗಳಲ್ಲಿ ಬಂದು ನಿಲ್ಲುತ್ತದೆ. ಎಷ್ಟು ನಿಮಿಷ ಎಂದು ತಲೆಯ ಮೇಲಿನ ಫಲಕವೇ ತೋರಿಸುತ್ತದೆ. ಓಡುವ ಕಾರಣವೇ ಇಲ್ಲ. ಈ ಅಧ್ಯಾಯದಲ್ಲಿ ನಾನು ಹೇಳಹೊರಟ ಬಹುಪಾಲು ಸಂಗತಿ ಇದರಿಂದಲೇ ಹುಟ್ಟುತ್ತದೆ.

2016ರ ಏಪ್ರಿಲ್ ಕೊನೆಯಲ್ಲಿ ಕಬ್ಬನ್ ಪಾರ್ಕಿನಿಂದ ಮೆಜೆಸ್ಟಿಕ್ ದಾಟಿ ಹೋಗುವ ನೇರಳೆ ಮಾರ್ಗದ ಸುರಂಗ ತೆರೆಯಿತು. ದಕ್ಷಿಣ ಭಾರತದಲ್ಲಿ ನೆಲದಡಿಯ ಮೆಟ್ರೊ ಓಡಿದ್ದು ಅದೇ ಮೊದಲು. ಮರುವರ್ಷ ಜೂನ್‌ನಲ್ಲಿ ಹಸಿರು ಮಾರ್ಗವೂ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆಗಳ ಕೆಳಗಿನಿಂದ ಬಂದು ಮೆಜೆಸ್ಟಿಕ್ಕಿನಲ್ಲಿ ಕೂಡಿಕೊಂಡಿತು. ನಾಡಪ್ರಭು ಕೆಂಪೇಗೌಡ ನಿಲ್ದಾಣ ಎಂಬ ಹೆಸರಿನ ಈ ಮೆಜೆಸ್ಟಿಕ್ ನಿಲ್ದಾಣದಲ್ಲಿ ಎರಡು ಮಾರ್ಗಗಳು ಬೇರೆ ಬೇರೆ ಮಟ್ಟದಲ್ಲಿ ಒಂದನ್ನೊಂದು ಹಾಯುತ್ತವೆ. ರಾತ್ರಿ ಉಡುಪಿಯಲ್ಲಿ ಪಂಚಗಂಗಾ ರೈಲು ಹತ್ತಿದವರು, ಕಾರ್ಕಳದಿಂದ ಬಸ್ಸಿನಲ್ಲಿ ಬಂದವರು, ಮಣಿಪಾಲದ ವಿದ್ಯಾರ್ಥಿಗಳು, ಎಲ್ಲರೂ ಅರೆನಿದ್ದೆಯ ಕಣ್ಣಿನಲ್ಲಿ ಈ ಸುತ್ತಿಗೇ ಬಂದಿಳಿಯುವುದು. ಆಫೀಸಿಗೆ ಹೋಗುವವರ ನೂಕುನುಗ್ಗಲು ಶುರುವಾಗುವುದೂ ಅದೇ ಹೊತ್ತಿಗೆ. ಚೀಲಗಳಿದ್ದರೆ, ಜೊತೆಗೆ ವಯಸ್ಸಾದವರಿದ್ದರೆ ಮೇಲೆಯೇ ಒಂದು ಕಡೆ ಕೂತು ತಿಂಡಿ ಮುಗಿಸಿ, ಜನ ಕರಗಿದ ಮೇಲೆ ಇಳಿಯುವುದು ಒಳ್ಳೆಯದು. ಖಾಲಿ ಹೊಟ್ಟೆ, ನಿದ್ದೆಗೆಟ್ಟ ತಲೆ, ಜನರ ಬಿಸಿ ಮೂರೂ ಸೇರಿದರೆ ಗಟ್ಟಿಗರಿಗೂ ಕಣ್ಣು ಕತ್ತಲೆ ಬರುತ್ತದೆ.

ಕಾಪುವಿನ ನಮ್ಮ ದೊಡ್ಡಮ್ಮನನ್ನು ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋದ ದಿನ ನನಗೆ ನೆನಪಿದೆ. ಎಸ್ಕಲೇಟರಿನ ಬಾಯಲ್ಲಿ ನಿಂತುಬಿಟ್ಟರು. ಮೆಟ್ಟಿಲುಗಳು ಕಾಲ ಬುಡದಿಂದ ಒಂದೊಂದಾಗಿ ಹುಟ್ಟಿ ಕೆಳಗೆ ಜಾರುತ್ತಿದ್ದವು. "ಮಗಾ, ಇದು ಸ್ವಲ್ಪ ನಿಲ್ಲುದಿಲ್ವಾ?" ಎಂದರು. ಹಿಂದೆ ಜನ ಸೇರುತ್ತಿದ್ದರು. ನಾನು "ಬನ್ನಿ ಬನ್ನಿ" ಎಂದು ಕೈ ಎಳೆದೆ. ಅದು ನನ್ನ ತಪ್ಪು. ಅವರ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ ಉಳಿದು ಮೈ ವಾಲಿತು. ಹಿಂದಿನಿಂದ ಒಬ್ಬ ಹುಡುಗ ಬೆನ್ನಿಗೆ ಕೈ ಕೊಟ್ಟು ಹಿಡಿದುಕೊಂಡದ್ದರಿಂದ ಬಿದ್ದು ಏಟಾಗುವುದು ತಪ್ಪಿತು. ಕೆಳಗೆ ಬಂದು ನೋಡಿದರೆ ಸೀರೆಯ ಅಂಚಿಗೆ ಬೆರಳಗಲದ ಕಪ್ಪು ಗ್ರೀಸ್ ಹತ್ತಿತ್ತು. ಇನ್ನೂ ಸ್ವಲ್ಪ ಒಳಗೆ ಹೋಗಿದ್ದರೆ ಮೆಟ್ಟಿಲಿಗೂ ಪಕ್ಕದ ಗೋಡೆಗೂ ನಡುವಿನ ಸಂದಿ ಅದನ್ನು ಎಳೆದುಕೊಳ್ಳುತ್ತಿತ್ತು.

ಅಂದಿನಿಂದ ನಾನು ಹಿರಿಯರನ್ನು ಲಿಫ್ಟಿಗೇ ಕರೆದೊಯ್ಯುತ್ತೇನೆ. ಲಿಫ್ಟ್ ಎಲ್ಲ ನಿಲ್ದಾಣಗಳಲ್ಲೂ ಇದೆ, ಹುಡುಕಲು ಎರಡು ನಿಮಿಷ ಹೋಗುತ್ತದೆ ಅಷ್ಟೆ. ಎಸ್ಕಲೇಟರೇ ಆಗಬೇಕೆಂದರೆ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈ ಪಟ್ಟಿಯ ಮೇಲಿಟ್ಟು, ಮೆಟ್ಟಿಲಿನ ನಡುವೆ ನಿಲ್ಲಬೇಕು. ಮೆತ್ತಗಿನ ರಬ್ಬರ್ ಚಪ್ಪಲಿಯ ಮಕ್ಕಳು ಅಂಚಿಗೆ ಕಾಲು ಒರೆಸದಂತೆ ನೋಡಿಕೊಳ್ಳಬೇಕು. ಕೆಳಗೆ ಮುಟ್ಟಿದ ಕೂಡಲೇ ನಾಲ್ಕು ಹೆಜ್ಜೆ ಮುಂದೆ ನಡೆದೇ ನಿಲ್ಲಿ. ದಾರಿ ಯಾವ ಕಡೆ ಎಂದು ಅಲ್ಲೇ ನಿಂತು ಯೋಚಿಸಿದರೆ ಹಿಂದೆ ಬರುವವರಿಗೆ ನಿಲ್ಲುವ ಉಪಾಯವಿಲ್ಲ. ಕಾಪು ದೀಪಸ್ತಂಭದ ಇಕ್ಕಟ್ಟಿನ ಮೆಟ್ಟಿಲಲ್ಲಿ ಇಳಿಯುವವರಿಗೆ ದಾರಿ ಬಿಟ್ಟು ಗೋಡೆಗೆ ಒತ್ತಿ ನಿಲ್ಲುತ್ತೇವಲ್ಲ, ಅದೇ ಎಚ್ಚರ ಇಲ್ಲೂ ಬೇಕು.

ಪ್ಲಾಟ್‌ಫಾರಂನ ಹಳದಿ ಗೆರೆಯ ವಿಷಯವನ್ನು ನಾನು ಸ್ವಲ್ಪ ಒತ್ತಿಯೇ ಹೇಳಬೇಕು. ನಮ್ಮ ಕೊಂಕಣ ಮಾರ್ಗಕ್ಕೆ 2022ರಲ್ಲಿ ಪೂರ್ತಿ ವಿದ್ಯುತ್ ಬಂತು. ಅಲ್ಲಿ 25,000 ವೋಲ್ಟಿನ ತಂತಿ ಇರುವುದು ತಲೆಯ ಮೇಲೆ, ಎತ್ತರದಲ್ಲಿ. ಸಣ್ಣ ನಿಲ್ದಾಣಗಳಲ್ಲಿ ಹಳಿ ದಾಟಿ ಆಚೆ ಹೋಗುವುದು ತಪ್ಪು, ಆದರೂ ಜನ ದಾಟುತ್ತಾರೆ, ವಿದ್ಯುತ್ತಿನ ಭಯ ಯಾರಿಗೂ ಇರುವುದಿಲ್ಲ. ಬೆಂಗಳೂರಿನ ‘ನಮ್ಮ ಮೆಟ್ರೊ’ದಲ್ಲಿ ತಂತಿಯೇ ಇಲ್ಲ. ಓಡುವ ಎರಡು ಹಳಿಗಳ ಪಕ್ಕದಲ್ಲಿ ಮೂರನೆಯ ಹಳಿಯೊಂದಿದೆ, 750 ವೋಲ್ಟಿನ ವಿದ್ಯುತ್ ಹರಿಯುವುದು ಅದರಲ್ಲಿ. ನೋಡಲು ಅದು ಏನೂ ಅಲ್ಲದ ಒಂದು ಉದ್ದನೆಯ ಪಟ್ಟಿ. ಕೆಳಗಿಳಿದವರ ಕಾಲಿಗೇ ಸಿಗುವಷ್ಟು ಹತ್ತಿರ, ಮುಟ್ಟಿದರೆ ಪ್ರಾಣ ಹೋಗುತ್ತದೆ. 2024ರ ಜನವರಿ ಮೊದಲ ದಿನ ಇಂದಿರಾನಗರ ನಿಲ್ದಾಣದಲ್ಲಿ ಮಹಿಳೆಯೊಬ್ಬರು ಕೈಜಾರಿ ಬಿದ್ದ ಮೊಬೈಲ್ ಎತ್ತಿಕೊಳ್ಳಲು ಹಳಿಗೆ ಇಳಿದರು. ಸಿಬ್ಬಂದಿ ವಿದ್ಯುತ್ ಕಡಿತಗೊಳಿಸಿದ್ದರಿಂದ ಜೀವ ಉಳಿಯಿತು. ಮೊಬೈಲ್ ಆಗಲಿ, ಮಗುವಿನ ಚಪ್ಪಲಿ ಆಗಲಿ, ಚಿನ್ನದ ಬಳೆಯೇ ಆಗಲಿ, ಬಿದ್ದದ್ದು ಅಲ್ಲೇ ಇರಲಿ. ಸಮವಸ್ತ್ರದ ಸಿಬ್ಬಂದಿಗೆ ಹೇಳಿದರೆ ಅವರು ತೆಗೆಸಿಕೊಡುತ್ತಾರೆ. ಮನುಷ್ಯರೇ ಬಿದ್ದರೆ ಹಿಂದೆಯೇ ಹಾರಬೇಡಿ. ಕೂಗಿ ಸಿಬ್ಬಂದಿಯನ್ನು ಕರೆಯಿರಿ, ಪ್ಲಾಟ್‌ಫಾರಂನಲ್ಲಿ ತುರ್ತಾಗಿ ರೈಲು ನಿಲ್ಲಿಸುವ ಕೆಂಪು ಗುಂಡಿ ಇರುತ್ತದೆ, ಅದನ್ನು ಒತ್ತಿ. ಇಳಿದ ಕೂಡಲೇ ಅದು ಎಲ್ಲಿದೆ ಎಂದು ಒಮ್ಮೆ ಕಣ್ಣು ಹಾಯಿಸಿಟ್ಟುಕೊಳ್ಳಿ.

ಇನ್ನು ಬಾಗಿಲು. ದಪ್ಪನೆಯ ವಸ್ತು ಅಡ್ಡ ಬಂದರೆ ಅದು ತಿಳಿದು ಮತ್ತೆ ತೆರೆದುಕೊಳ್ಳುತ್ತದೆ. ಆದರೆ ಸೀರೆಯ ಸೆರಗು, ಚೂಡಿದಾರದ ದುಪಟ್ಟಾ, ಚೀಲದ ಪಟ್ಟಿಯಂಥ ತೆಳ್ಳನೆಯದು ಅದಕ್ಕೆ ಗೊತ್ತಾಗದೆ ಹೋಗಬಹುದು. 2023ರ ಡಿಸೆಂಬರಿನಲ್ಲಿ ದೆಹಲಿಯ ಇಂದರ್‌ಲೋಕ್ ನಿಲ್ದಾಣದಲ್ಲಿ ಮಹಿಳೆಯೊಬ್ಬರ ಬಟ್ಟೆ ಬಾಗಿಲಿಗೆ ಸಿಕ್ಕಿಕೊಂಡು, ರೈಲು ಎಳೆದೊಯ್ದು, ಅವರು ತೀರಿಕೊಂಡರು. ಓದಿದ ದಿನ ನನಗೆ ಊಟ ಸೇರಲಿಲ್ಲ. ಮಲ್ಪೆಯಲ್ಲಿ ದ್ವೀಪಕ್ಕೆ ಹೋಗುವ ದೋಣಿ ಹತ್ತುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ದೋಣಿ ನಿಂತ ಮೇಲೆ ಒಂದೇ ಹೆಜ್ಜೆಯಲ್ಲಿ ದಾಟುತ್ತೇವೆ. ಹಾಗೆಯೇ ಹತ್ತಿ. ಬಾಗಿಲು ಮುಚ್ಚುವ ಸದ್ದು ಕೇಳಿದರೆ ಹೊರಗಿದ್ದವರು ಹೊರಗೇ ಇರಿ, ಒಳಗಿದ್ದವರು ಒಳಗೇ ಇರಿ.

ಹಾಗೆ ಮಾಡಿದಾಗ ಮನೆಮಂದಿ ಅರ್ಧ ಒಳಗೆ, ಅರ್ಧ ಹೊರಗೆ ಉಳಿಯುವುದುಂಟು. ಕೆಳಗಿಳಿಯುವ ಮೊದಲೇ ಮಕ್ಕಳಿಗೂ ಅಜ್ಜ ಅಜ್ಜಿಗೂ ಒಂದು ಮಾತು ಹೇಳಿಡಿ: ರೈಲಿನಲ್ಲಿ ಹೋದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲುವುದು, ಉಳಿದವರು ಮುಂದಿನ ರೈಲಿನಲ್ಲಿ ಅಲ್ಲಿಗೆ ಬರುವುದು. ಇಬ್ಬರೂ ಹಿಂದೆ ಮುಂದೆ ಓಡಾಡಿದರೆ ಸಿಗುವುದೇ ಇಲ್ಲ. ಪ್ಲಾಟ್‌ಫಾರಂನಲ್ಲಿ ಉಳಿದುಬಿಟ್ಟ ಮಗುವಾದರೆ ಕದಲದೆ ನಿಂತಲ್ಲೇ ನಿಲ್ಲಲಿ. ಒಬ್ಬರ ಮೊಬೈಲಿನಲ್ಲಿ ಆರು ಮಂದಿವರೆಗಿನ ಕ್ಯೂಆರ್ ಟಿಕೆಟ್ ತೆಗೆಯುವ ಸೌಲಭ್ಯವಿದೆ, ಅನುಕೂಲವೇ. ಆದರೆ ಬೇರೆಯಾದರೆ ಉಳಿದವರ ಕೈಯಲ್ಲಿ ಏನೂ ಇರುವುದಿಲ್ಲ, ರಾತ್ರಿಯೆಲ್ಲ ರೈಲಿನಲ್ಲಿ ಉರಿದ ಮೊಬೈಲಿನ ಚಾರ್ಜೂ ಅಷ್ಟರಲ್ಲಿ ಮುಗಿದಿರುತ್ತದೆ. ಊರಿನಿಂದ ಬಂದವರು ಒಬ್ಬೊಬ್ಬರಿಗೆ ಒಂದೊಂದು ಟೋಕನ್ ಕೊಳ್ಳುವುದು ಲೇಸು. ಮಕ್ಕಳ ಕಿಸೆಯಲ್ಲಿ ಫೋನ್ ನಂಬರ್ ಬರೆದ ಚೀಟಿ ಇರಲಿ.

ಕಳ್ಳರ ಭಯ ಉಡುಪಿಯ ರಥಬೀದಿಯ ಪರ್ಯಾಯದ ರಾತ್ರಿಗಿಂತ ಹೆಚ್ಚೇನೂ ಇಲ್ಲ. ಚೀಲ ಎದೆಯ ಮುಂದಿರಲಿ, ಸರ ಸೆರಗಿನೊಳಗಿರಲಿ. ಹೆಣ್ಣುಮಕ್ಕಳಿಗೆ ಬೇರೆಯೇ ಕಾಟವಿದೆ. 2025ರ ಮೇ ತಿಂಗಳಲ್ಲಿ ಬೆಂಗಳೂರು ಮೆಟ್ರೊದಲ್ಲಿ ಹೆಂಗಸರ ವಿಡಿಯೊವನ್ನು ಕದ್ದು ತೆಗೆದು ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿದ್ದ ಪ್ರಕರಣ ಪೊಲೀಸರವರೆಗೆ ಹೋಯಿತು. ಆರು ಬೋಗಿಯ ರೈಲುಗಳಲ್ಲಿ ಮೊದಲ ಬೋಗಿ ಹೆಂಗಸರಿಗೇ ಮೀಸಲು. ಯಾರಾದರೂ ಮೈಮೇಲೆ ಬಂದರೆ ನಾಚಿಕೊಂಡು ಸುಮ್ಮನಿರುವುದು ಬೇಡ, ಗಟ್ಟಿಯಾಗಿ ಹೇಳಿ, ಮುಂದಿನ ನಿಲ್ದಾಣದಲ್ಲಿ ಸಿಬ್ಬಂದಿಗೆ ತಿಳಿಸಿ, 112ಕ್ಕೆ ಕರೆ ಮಾಡಿ.

ಮಗಳ ಮನೆಗೆಂದು ಕಟ್ಟಿದ ಚೀಲದಲ್ಲಿ ಮೆಟ್ಟುಗತ್ತಿ ಇದ್ದರೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ, ಅಂಥದ್ದಕ್ಕೆ ಆಟೊವೇ ಸರಿ. ಬೆಂಕಿ ಹತ್ತುವ ಎಣ್ಣೆ, ಪಟಾಕಿ ಯಾವುದಕ್ಕೂ ಅಪ್ಪಣೆ ಇಲ್ಲ. ಈ ಕಟ್ಟುನಿಟ್ಟಿನ ಹಿಂದೆ ಸಾವುಗಳ ಕಥೆಯಿದೆ. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ 1987ರ ನವೆಂಬರ್ 18ರಂದು ಮರದ ಎಸ್ಕಲೇಟರಿನ ಅಡಿಗೆ ಉರಿಯುವ ಕಡ್ಡಿ ಬಿದ್ದು ಬೆಂಕಿ ಎದ್ದು 31 ಜನ ಸತ್ತರು. ಧೂಮಪಾನಕ್ಕೆ ಅಲ್ಲಿ ಆಗಲೇ ನಿಷೇಧವಿತ್ತು. ಹೊರಗೆ ಹೋಗುತ್ತಿದ್ದೇವಲ್ಲ ಎಂದು ಜನ ಎಸ್ಕಲೇಟರಿನ ಮೇಲೆಯೇ ಸಿಗರೇಟು ಹಚ್ಚುತ್ತಿದ್ದರು. 2003ರ ಫೆಬ್ರವರಿ 18ರಂದು ದಕ್ಷಿಣ ಕೊರಿಯಾದ ಡೇಗುವಿನಲ್ಲಿ ಒಬ್ಬ ರೈಲಿನೊಳಗೆ ಬೆಂಕಿ ಹಚ್ಚಿದ. 192 ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಪಕ್ಕಕ್ಕೆ ಬಂದು ನಿಂತ ಇನ್ನೊಂದು ರೈಲಿನವರು. ಅದರ ಚಾಲಕ ಕೀಲಿ ತೆಗೆದುಕೊಂಡು ಹೊರಟುಹೋಗಿದ್ದ, ಬಾಗಿಲು ಮುಚ್ಚಿಯೇ ಇತ್ತು. ಅದಕ್ಕೇ ಬಾಗಿಲ ಬಳಿ ಚಾಲಕರೊಡನೆ ಮಾತಾಡುವ ಗುಂಡಿ ಎಲ್ಲಿದೆ, ತುರ್ತಿಗೆ ಏನು ಮಾಡಬೇಕೆಂದು ಬರೆದಿದೆ ಎಂದು ಕೂತ ಕೂಡಲೇ ಓದಿಕೊಳ್ಳುವುದು ನನ್ನ ರೂಢಿ. ಹೊಗೆ ಕಂಡರೆ ಬಗ್ಗಿ ನಡೆಯಬೇಕು, ಲಿಫ್ಟ್ ಹತ್ತಬಾರದು. ಸುರಂಗದಲ್ಲಿ ರೈಲು ಸುಮ್ಮನೆ ನಿಂತರೆ ಮಾತ್ರ ಗಾಬರಿ ಬೇಡ, ತಾವಾಗಿ ಬಾಗಿಲು ತೆರೆದು ಇಳಿಯುವುದಂತೂ ಬೇಡವೇ ಬೇಡ. ಹೊರಗೆ ಆ ಮೂರನೆಯ ಹಳಿ ಇದೆ. ಘೋಷಣೆಗೆ ಕಿವಿಗೊಡಿ, ಅದು ಕನ್ನಡದಲ್ಲೂ ಬರುತ್ತದೆ. ನಮ್ಮ ಮೆಟ್ರೊದ ಕನ್ನಡ ದನಿಯಾಗಿದ್ದವರು ನಿರೂಪಕಿ ಅಪರ್ಣಾ. 2024ರ ಜುಲೈ 11ರಂದು ಅವರು ತೀರಿಕೊಂಡಾಗ, ಅವರ ಮುಖ ಕಾಣದೆ ದನಿಯನ್ನಷ್ಟೇ ನಂಬಿ ಇಳಿಯುತ್ತಿದ್ದ ಎಷ್ಟೋ ಮಂದಿಗೆ ಮನೆಯವರೊಬ್ಬರು ಹೋದಂತಾಯಿತು.

ಮುಂಬಯಿಗೆ ಹೋಗುವ ನಮ್ಮವರಿಗೂ ಈಗ ನೆಲದಡಿಯ ರೈಲು ಬಂದಿದೆ. ಆರೆಯಿಂದ ಕಫ್ ಪರೇಡಿನವರೆಗಿನ 33.5 ಕಿ.ಮೀ. ಉದ್ದದ, 27 ನಿಲ್ದಾಣಗಳ ಮೂರನೇ ಮಾರ್ಗ 2025ರ ಅಕ್ಟೋಬರಿನಲ್ಲಿ ಪೂರ್ತಿಯಾಯಿತು. ಅಲ್ಲಿನ ಸುರಂಗ ನಿಲ್ದಾಣಗಳಲ್ಲಿ ಪ್ಲಾಟ್‌ಫಾರಂನ ಅಂಚಿಗೇ ಗಾಜಿನ ಬಾಗಿಲುಗಳಿವೆ, ಹಳಿಗೆ ಬೀಳುವ ಭಯವಿಲ್ಲ. ಮಳೆಯ ಭಯ ಇದೆ. 2025ರ ಮೇ 26ರ ಮಳೆಗೆ, ತೆರೆದು ತಿಂಗಳೂ ಕಳೆಯದ ಆಚಾರ್ಯ ಅತ್ರೆ ಚೌಕ ನಿಲ್ದಾಣದೊಳಕ್ಕೆ ನೀರು ನುಗ್ಗಿತು. ಮಳೆಗಾಲವೆಂದರೆ ಏನೆಂದು ಕರಾವಳಿಯ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮೆಟ್ಟಿಲ ಮೇಲೆ ನೀರು ಇಳಿಯುತ್ತಿರುವುದು ಕಂಡರೆ ಅದರ ಹಿಂದೆ ನಾವು ಇಳಿಯಬಾರದು.

ದೊಡ್ಡಮ್ಮ ಊರಿಗೆ ಮರಳುವ ದಿನ ಮತ್ತೆ ಮೆಜೆಸ್ಟಿಕ್ಕಿಗೆ ಬಂದೆವು, ಈ ಸಲ ಲಿಫ್ಟಿನಲ್ಲಿ. ನಾವು ಪ್ಲಾಟ್‌ಫಾರಂ ಮುಟ್ಟುವಾಗ ರೈಲು ಬಾಗಿಲು ತೆರೆದು ನಿಂತಿತ್ತು, ನನ್ನ ಕಾಲು ತಾನಾಗಿ ಓಡಲು ಹೊರಟಿತು. ಅವರು ನನ್ನ ಅಂಗಿ ಹಿಡಿದುಕೊಂಡರು. "ಹೋಗ್ಲಿ ಬಿಡು ಮಾರಾಯ, ಇನ್ನೊಂದು ಬರ್ತದಲ್ಲ," ಎಂದು ಬೆಂಚಿನ ಮೇಲೆ ಕೂತು, ಚೀಲದಿಂದ ನೀರಿನ ಬಾಟಲಿ ತೆಗೆದರು.