ದುಬೈ ಅಗ್ಗವೋ, ನ್ಯಾಮತಿ ಅಗ್ಗವೋ?

ಚನ್ನಗಿರಿಯ ಆಡಿಟರ್ ಕಚೇರಿಯೊಂದಕ್ಕೆ ನಾನು ಹೋಗಿದ್ದು ಬೇರೆ ಕೆಲಸಕ್ಕೆ. ಮಾರ್ಚ್ ಎರಡನೇ ವಾರ. ಮುಂಗಡ ತೆರಿಗೆ ಕಟ್ಟಲು 15ನೇ ತಾರೀಖು ಕೊನೆಯ ದಿನವಾದ್ದರಿಂದ ಬೆಂಚು ಭರ್ತಿಯಾಗಿತ್ತು. ಅಡಿಕೆ ವ್ಯಾಪಾರಿಗಳು, ಗೊಬ್ಬರದಂಗಡಿಯವರು, ಒಬ್ಬರು ಗುತ್ತಿಗೆದಾರರು. ಅವರ ನಡುವೆ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡ ಹುಡುಗನೊಬ್ಬ, ಪಕ್ಕದಲ್ಲಿ ಅವನ ತಂದೆ. ಪರದೆಯ ಮೇಲೆ ದೇಶಗಳ ಪಟ್ಟಿ ಕಂಡಿತು: ಯುಎಇ, ಜಾರ್ಜಿಯಾ, ಪೋರ್ಚುಗಲ್, ಮಲೇಷ್ಯಾ, ಥಾಯ್ಲೆಂಡ್. ಪ್ರತಿಯೊಂದರ ಮುಂದೆ ತೆರಿಗೆ ಎಷ್ಟು, ವೀಸಾ ಎಷ್ಟು ವರ್ಷ, ಇಂಟರ್ನೆಟ್ ಹೇಗೆ ಎಂಬ ಕಲಂಗಳು. ಪತ್ರಕರ್ತನ ಕೆಟ್ಟ ಚಾಳಿ, ಇಣುಕಿ ನೋಡಿದೆ. ಕೊನೆಯ ಕಲಂ 'ಊರಿಗೆ ಎಷ್ಟು ದಿನ ಬರಬಹುದು' ಎಂದಿತ್ತು. ಅದನ್ನು ನೋಡಿದ ಮೇಲೆ ನನ್ನ ಕೆಲಸ ನನಗೆ ಮರೆತೇಹೋಯಿತು.

ಹುಡುಗ ನ್ಯಾಮತಿ ಕಡೆಯವನು. ಕೊರೊನಾ ಕಾಲದಲ್ಲಿ ಬೆಂಗಳೂರಿನ ರೂಮು ಖಾಲಿ ಮಾಡಿ ಊರಿಗೆ ಬಂದವನು ಮತ್ತೆ ಹಿಂದಿರುಗಿಲ್ಲ. ಈಗ ಯುರೋಪಿನ ಒಂದು ಕಂಪನಿಗೆ ಮನೆಯ ಅಟ್ಟದ ಮೇಲಿಂದಲೇ ಸಾಫ್ಟ್‌ವೇರ್ ಬರೆದುಕೊಡುತ್ತಾನೆ. ನೌಕರನಲ್ಲ, ಗುತ್ತಿಗೆಯ ಮೇಲೆ. ವರ್ಷಕ್ಕೆ ಸುಮಾರು 40 ಲಕ್ಷ ಎಂದು ಅವನೇ ಹೇಳಿದ, ಸ್ವಲ್ಪ ನಾಚಿಕೊಂಡು. "ಎಲ್ಲಿ ಕೂತು ಮಾಡಿದ್ರೂ ಅದೇ ಕೆಲ್ಸ ಸಾರ್. ಮತ್ತೆ ತೆರಿಗೆ ಇಲ್ಲದ ಕಡೆ ಯಾಕೆ ಕೂರಬಾರ್ದು?"

ಪ್ರಶ್ನೆ ನ್ಯಾಯವಾದದ್ದೇ. ಜಗತ್ತಿನಲ್ಲಿ ಇದೊಂದು ಪೈಪೋಟಿಯೇ ಆಗಿಬಿಟ್ಟಿದೆ. 2020ರ ಆಗಸ್ಟ್‌ನಲ್ಲಿ ಎಸ್ಟೋನಿಯಾ ದೂರದಿಂದ ಕೆಲಸ ಮಾಡುವವರಿಗೆಂದೇ ವೀಸಾ ತೆಗೆಯಿತು. ದುಬೈ ಅದೇ ವರ್ಷ ಹಿಂಬಾಲಿಸಿತು. 2022ರಲ್ಲಿ ಮಲೇಷ್ಯಾ, 2024ರಲ್ಲಿ ಥಾಯ್ಲೆಂಡ್. ಪೋರ್ಚುಗಲ್ ಹೊರಗಿನವರಿಗೆ ಕೊಡುತ್ತಿದ್ದ ರಿಯಾಯ್ತಿಯ ಹಳೆಯ ಯೋಜನೆಯನ್ನು 2024ರ ಆರಂಭದಿಂದ ಹೊಸಬರಿಗೆ ಮುಚ್ಚಿತು. ಬಾಡಿಗೆ ಏರಿ ಸ್ಥಳೀಯರು ಬೈಯತೊಡಗಿದ್ದೂ ಒಂದು ಕಾರಣ. ಹುಡುಗನ ಪಟ್ಟಿಯಲ್ಲಿ ಪೋರ್ಚುಗಲ್ ಮೇಲೆ ಕೆಂಪು ಗೆರೆ ಬಿದ್ದಿತ್ತು. ಜಾರ್ಜಿಯಾದಲ್ಲಿ ಸಣ್ಣ ಉದ್ದಿಮೆದಾರರಿಗೆ ವಹಿವಾಟಿನ ಮೇಲೆ ಕೇವಲ ಶೇ 1, ಆದರೆ ಸಲಹೆಗಾರಿಕೆಯಂಥ ಕೆಲವು ಕಸುಬುಗಳಿಗೆ ಅದು ಸಿಗದು. ಹುಡುಗನ ಕಣ್ಣು ದುಬೈ ಮೇಲಿತ್ತು. ವೈಯಕ್ತಿಕ ಆದಾಯ ತೆರಿಗೆ ಸೊನ್ನೆ, ಬೆಂಗಳೂರಿನಿಂದ ನಾಲ್ಕು ಗಂಟೆಯ ಹಾರಾಟ, ಬೀದಿಗೊಂದು ದೋಸೆ ಹೋಟೆಲು.

ಆಡಿಟರ್ ಒಳಗೆ ಕರೆದರು. ನಾನೂ ಸಂಕೋಚವಿಲ್ಲದೆ ಹಿಂದೆ ಹೋದೆ. ಹಳೆಯ ಪರಿಚಯ, ಯಾರೂ ಬೇಡವೆನ್ನಲಿಲ್ಲ. ಅವರು ಪಟ್ಟಿಯನ್ನು ನೋಡಲೇ ಇಲ್ಲ. ಕ್ಯಾಲ್ಕುಲೇಟರ್ ಮುಂದೆಳೆದುಕೊಂಡರು.

ಆಮೇಲೆ ನಡೆದದ್ದೇ ಈ ಲೇಖನಕ್ಕೆ ಕಾರಣ. ಹಳೆಯ ಆದಾಯ ತೆರಿಗೆ ಕಾಯ್ದೆಯಲ್ಲಿ 44ಎಡಿಎ ಎಂಬ ಕಲಂ ಇದೆ. ವಕೀಲರು, ವೈದ್ಯರು, ಎಂಜಿನಿಯರುಗಳು, ತಾಂತ್ರಿಕ ಸಲಹೆಗಾರರು, ಮಾಹಿತಿ ತಂತ್ರಜ್ಞಾನ ವೃತ್ತಿಯವರು ವರ್ಷಕ್ಕೆ 50 ಲಕ್ಷದವರೆಗೆ, ನಗದಾಗಿ ಬಂದದ್ದು ಶೇ 5 ಮೀರದಿದ್ದರೆ 75 ಲಕ್ಷದವರೆಗೆ ದುಡಿದಿದ್ದರೆ, ಅರ್ಧವನ್ನು ಲಾಭವೆಂದು ತೋರಿಸಿ ತೆರಿಗೆ ಕಟ್ಟಬಹುದು. ಖರ್ಚಿನ ಲೆಕ್ಕಪುಸ್ತಕ ಬೇಡ. 40 ಲಕ್ಷದಲ್ಲಿ ಅರ್ಧ 20 ಲಕ್ಷ. 2025-26ರ ಹೊಸ ಪದ್ಧತಿಯ ದರದಲ್ಲಿ ಮೊದಲ 4 ಲಕ್ಷಕ್ಕೆ ಏನೂ ಇಲ್ಲ. ಆಮೇಲಿನ ನಾಲ್ಕು ನಾಲ್ಕು ಲಕ್ಷಕ್ಕೆ ಶೇ 5, 10, 15, 20. ಕೂಡಿದರೆ 2 ಲಕ್ಷ. ಸೆಸ್ ಸೇರಿ 2,08,000 ರೂಪಾಯಿ. ಅಂದರೆ ದುಡಿದದ್ದರ ಮೇಲೆ ಶೇ 5.2. ಹೊರದೇಶಕ್ಕೆ ಕೊಡುವ ಸೇವೆ ರಫ್ತಾದ್ದರಿಂದ, ನೋಂದಣಿ ಮಾಡಿಸಿ ಮುಚ್ಚಳಿಕೆ ಬರೆದುಕೊಟ್ಟರೆ ಜಿಎಸ್‌ಟಿ ಕೈಯಿಂದ ಕಟ್ಟಬೇಕಾಗಿಲ್ಲ.

"ಇದೇ ದುಡ್ಡನ್ನ ನೀನು ಸಂಬಳ ಅಂತ ತಗೊಂಡಿದ್ರೆ ಏಳು ಲಕ್ಷ ಎಂಬತ್ತೇಳು ಸಾವಿರ ಆಗ್ತಿತ್ತು," ಎಂದರು ಆಡಿಟರ್. "ಇನ್ನೊಂದು ವಿಷ್ಯ ತಿಳ್ಕೊ. ಈ ಕಲಂ ಭಾರತದ ನಿವಾಸಿಗೆ ಮಾತ್ರ. ದುಬೈಗೆ ಹೋದೆಯೋ, ಇದು ಕೈಬಿಟ್ತು."

ಹುಡುಗ ಸುಮ್ಮನಾದ. ಎರಡು ಲಕ್ಷ ಉಳಿಸಲು ದುಬೈಗೆ ಹೋದರೆ ಅಲ್ಲಿ ಒಂದು ಬೆಡ್‌ರೂಮಿನ ಮನೆಯ ಕೆಲವೇ ತಿಂಗಳ ಬಾಡಿಗೆಗೆ ಆ ದುಡ್ಡು ಮುಗಿದಿರುತ್ತದೆ. ಜೊತೆಗೆ ಅಲ್ಲಿನ ಶೇ 5ರ ವ್ಯಾಟ್, ವೀಸಾ ಶುಲ್ಕ, ವಿಮೆ. ಸ್ವಂತ ವೃತ್ತಿಯ ವಹಿವಾಟು ವರ್ಷಕ್ಕೆ 10 ಲಕ್ಷ ದಿರ್ಹಾಮ್ ದಾಟಿದರೆ, 2023ರ ಜೂನ್‌ನಲ್ಲಿ ಬಂದ ಶೇ 9ರ ಕಾರ್ಪೊರೇಟ್ ತೆರಿಗೆಯ ಲೆಕ್ಕಕ್ಕೂ ಸೇರಬೇಕು.

ಈ 44ಎಡಿಎ ಬಗ್ಗೆ ನನಗೊಂದು ಅಸಮಾಧಾನ ಇದೆ, ಹೇಳಿಬಿಡುತ್ತೇನೆ. ಒಂದು ಲ್ಯಾಪ್‌ಟಾಪು, ಒಂದು ಫೈಬರ್ ಸಂಪರ್ಕ, ತಿಂಗಳ ಕರೆಂಟ್ ಬಿಲ್ಲು ಇಷ್ಟೇ ಖರ್ಚಿರುವ ಹುಡುಗನಿಗೆ 20 ಲಕ್ಷ ಖರ್ಚಾಯಿತೆಂದು ಸರ್ಕಾರವೇ ಒಪ್ಪಿಕೊಳ್ಳುವುದು ಉದಾರತೆಯ ಪರಮಾವಧಿ. ನಿಜವಾಗಿ ಹೆಚ್ಚು ಲಾಭವಾಗಿದ್ದರೆ ಹೆಚ್ಚು ತೋರಿಸಿ ಎಂದು ಕಾನೂನು ಹೇಳುತ್ತದೆ. ತೋರಿಸುವವರನ್ನು ನಾನು ಕಂಡಿಲ್ಲ. ಹೊನ್ನಾಳಿಯ ಪ್ರೌಢಶಾಲೆಯ ಮೇಷ್ಟ್ರು ತಮ್ಮ ಸಂಬಳದ ಪ್ರತಿ ರೂಪಾಯಿಯ ಲೆಕ್ಕ ಕೊಡುತ್ತಾರೆ, ಮೇಲೆ ರಾಜ್ಯದ ವೃತ್ತಿ ತೆರಿಗೆಯನ್ನೂ ಕಟ್ಟುತ್ತಾರೆ.

ಅಷ್ಟರಲ್ಲಿ ಅಲ್ಲಿಯವರೆಗೆ ಬಾಯಿಬಿಡದ ತಂದೆ ಕೇಳಿದರು: "ನಂದೇನಾದ್ರೂ ಕಟ್ಟೋದೈತಾ ಸಾರ್?" ಆಡಿಟರ್ ನಕ್ಕು ಇಲ್ಲವೆಂದು ತಲೆಯಾಡಿಸಿದರು. ಅವರದು ಅಡಿಕೆ ತೋಟ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ರಾಶಿ ಮಾಡಿದರೂ, ಬೆಳೆಗಾರನೇ ಮಾರುಕಟ್ಟೆಗೆ ಒಯ್ಯಲು ಮಾಡುವ ಮಾಮೂಲಿ ಸಂಸ್ಕರಣೆ ಕೃಷಿಯೊಳಗೇ ಸೇರುತ್ತದೆ. ಚಹಾ ಬೆಳೆದು ತಯಾರಿಸುವವನಿಗೆ ಆದಾಯದ ಶೇ 40 ವ್ಯವಹಾರದ್ದೆಂದು ತೆರಿಗೆ ಇದೆ. ಚನ್ನಗಿರಿಯ ಬೆಳೆಗಾರ ತುಮ್‌ಕೋಸ್ ಅಡಿಕೆ ಸಹಕಾರ ಸಂಘಕ್ಕೆ ಮೂಟೆ ಹಾಕಿ ಎಷ್ಟೇ ಎಣಿಸಿಕೊಂಡರೂ ಈ ಗೊಡವೆ ಇಲ್ಲ. ಮಗ ಭೂಪಟದಲ್ಲಿ ಹುಡುಕುತ್ತಿದ್ದ ಸೊನ್ನೆ ತೆರಿಗೆಯ ದೇಶದಲ್ಲಿ ಅಪ್ಪ ಆಗಲೇ ಇದ್ದಾರೆ.

ಈಗ ಆ ಕೊನೆಯ ಕಲಂಗೆ ಬರುತ್ತೇನೆ. ನನಗೆ ತಲೆ ಕೆಡಿಸಿದ್ದು ಅದೇ.

ಕಾನೂನಿಗೆ ನಿಮ್ಮ ಪಾಸ್‌ಪೋರ್ಟು, ಮತದಾರರ ಚೀಟಿ, ಮನೆದೇವರು ಯಾವುದೂ ಅಷ್ಟು ಮುಖ್ಯವಲ್ಲ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ನಿಮ್ಮ ದೇಹ ಭಾರತದೊಳಗೆ ಎಷ್ಟು ದಿನ ಇತ್ತು ಎಂಬುದೇ ಬಹುಮಟ್ಟಿಗೆ ಮುಖ್ಯ. 182 ದಿನವಾದರೆ ನಿವಾಸಿ, ಜಗತ್ತಿನ ಎಲ್ಲಿಯ ದುಡಿಮೆಗೂ ಇಲ್ಲಿ ತೆರಿಗೆ. ಕೆಲಸಕ್ಕೆಂದು ಹೊರಡುವ ವರ್ಷ ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 28ಕ್ಕೆ 181 ದಿನ. ಅಷ್ಟರೊಳಗೆ ವಿಮಾನ ಹತ್ತಬೇಕು. ಅಂದರೆ ಅಡಿಕೆ ಕೊಯ್ಲು ಜೋರಾಗುವ ಹೊತ್ತಿಗೆ, ಸಾಮಾನ್ಯವಾಗಿ ದಸರಾ ದೀಪಾವಳಿಗಿಂತ ಮುಂಚೆ. ಆಮೇಲೆ ಊರಿಗೆ ಬಂದುಹೋಗುವುದೂ ಎಣಿಕೆಯ ಮೇಲೆಯೇ. 2020ರಲ್ಲಿ ಇನ್ನೊಂದು ಬಿಗಿ ಬಂತು: ಭಾರತದೊಳಗಿನ ಆದಾಯ 15 ಲಕ್ಷ ಮೀರಿದ್ದರೆ, ಹಿಂದಿನ ನಾಲ್ಕು ವರ್ಷದಲ್ಲಿ ಒಟ್ಟು ಒಂದು ವರ್ಷ ಇಲ್ಲಿದ್ದವರಿಗೆ ಗಡಿ 182 ಅಲ್ಲ, 120. ಅಷ್ಟೇ ಆದಾಯವಿದ್ದು ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು, ಒಂದು ದಿನ ಇಲ್ಲಿ ಕಾಲಿಡದಿದ್ದರೂ, ನಿವಾಸಿಯೆಂದೇ ಭಾವಿಸುವ ನಿಯಮವೂ ಅದೇ ವರ್ಷದ್ದು. ಅಂಥವರ ಹೊರಗಿನ ದುಡಿಮೆಯನ್ನು ಬಹುಮಟ್ಟಿಗೆ ಬಿಟ್ಟಿದ್ದಾರೆ, ನಿಜ.

ಇಲ್ಲೊಂದು ಸೊಗಸಾದ ತಕರಾರಿದೆ. ಊರಿಗೆ ಬಂದಿಳಿದ ದಿನವನ್ನು ಎಣಿಸಬೇಕೋ ಬೇಡವೋ? ರಾತ್ರಿ 11ಕ್ಕೆ ದೇವನಹಳ್ಳಿಯಲ್ಲಿ ಇಳಿದವನು ಆ ಇಡೀ ದಿನ ಭಾರತದಲ್ಲಿದ್ದನೇ? ಬಂದ ದಿನ, ಹೋದ ದಿನ ಎರಡೂ ಲೆಕ್ಕಕ್ಕೆ ಎಂಬುದು ಇಲಾಖೆಯ ಕಡೆಯ ವಾದ. ಬಂದ ದಿನವನ್ನು ಬಿಡಬೇಕೆಂದು ಬೆಂಗಳೂರಿನ ತೆರಿಗೆ ನ್ಯಾಯಮಂಡಳಿ ಒಂದು ಪ್ರಕರಣದಲ್ಲಿ ಹೇಳಿದೆ. 2020ರ ಕಥೆ ಇನ್ನೂ ಮಜವಾಗಿದೆ. ಮಾರ್ಚ್ 25ರ ಯುಗಾದಿಗೆಂದು ಮುಂಚೆಯೇ ಊರಿಗೆ ಬಂದವರು ಲಾಕ್‌ಡೌನಿಗೆ ಸಿಕ್ಕಿಬಿದ್ದರು. ಎಣಿಕೆ ಏರುತ್ತಾ ಹೋಯಿತು. ಮೇ 8ರಂದು ನೇರ ತೆರಿಗೆಗಳ ಮಂಡಳಿ ಸುತ್ತೋಲೆ ಹೊರಡಿಸಿ, ಮಾರ್ಚ್ 22ರಿಂದ 31ರವರೆಗೆ ಹೋಗಲಾಗದೆ ಉಳಿದ ದಿನಗಳನ್ನು ಲೆಕ್ಕದಿಂದ ಬಿಟ್ಟಿತು. ಹೋಳಿಗೆ ಉಂಡ ಯುಗಾದಿ ತೆರಿಗೆಯ ಕಣ್ಣಿನಲ್ಲಿ ನಡೆದೇ ಇರಲಿಲ್ಲ!

ಹುಡುಗ ಇದನ್ನೆಲ್ಲ ಮೊದಲೇ ಓದಿಕೊಂಡಿದ್ದ. ಜಾತ್ರೆಗೆ ಇಷ್ಟು, ದೀಪಾವಳಿಗೆ ಇಷ್ಟು, ತಂಗಿಯ ಮದುವೆಗೆ ಇಷ್ಟು ಎಂದು ದಿನ ಹಂಚಿಟ್ಟಿದ್ದ. ತಂದೆಗೆ ಅದು ಹಿಡಿಸಲಿಲ್ಲ. "ದಿನ ಎಣಿಸ್ಕೊಂಡು ತಾಯಿ ಮಕ ನೋಡೋದು ಯಾವ ಬಾಳ್ವೆನಪ್ಪಾ," ಎಂದರು. ಆಡಿಟರ್ ಕೆಮ್ಮಿದರು.

ನಿವಾಸ ಎನ್ನುವುದು ಕಾಗದದ ಮೇಲಿನ ಸಂಗತಿ ಎಂಬುದು ಈ ಸೀಮೆಯವರಿಗೆ ಹೊಸದೇನಲ್ಲ. 1997ರ ಆಗಸ್ಟ್ 15ರಂದು ಚನ್ನಗಿರಿ, ಹೊನ್ನಾಳಿಯವರು ಮನೆಯಿಂದ ಹೆಜ್ಜೆ ಇಡದೆ ಶಿವಮೊಗ್ಗ ಜಿಲ್ಲೆಯಿಂದ ದಾವಣಗೆರೆಗೆ ಬಂದರು, ಜಗಳೂರಿನವರು ಚಿತ್ರದುರ್ಗದಿಂದ. ಆಗ ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರು ಇದೇ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ನ್ಯಾಮತಿಯವರಂತೂ ಆಮೇಲೆ ಹೊನ್ನಾಳಿ ತಾಲ್ಲೂಕನ್ನೂ ಬಿಟ್ಟು ತಮ್ಮದೇ ತಾಲ್ಲೂಕಾದರು. ತೆರಿಗೆಯ ಜಗಳವೂ ಹಳೆಯದೇ. ಕಂದಾಯದ ಗುತ್ತಿಗೆದಾರರ ಸುಲಿಗೆ ತಾಳಲಾರದೆ 1830ರಲ್ಲಿ ನಗರ ಸೀಮೆಯ ರೈತರು ಎದ್ದಾಗ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಲ್ಲೂ ಕೂಟ ಸೇರಿತ್ತು. ಅದರ ಪರಿಣಾಮವಾಗಿ 1831ರ ಅಕ್ಟೋಬರ್‌ನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಬ್ರಿಟಿಷರಿಗೆ ಹೋಗಿ, 1881ರವರೆಗೆ ಹಿಂದಿರುಗಲಿಲ್ಲ.

ದೇಶ ಆರಿಸಿಕೊಂಡು ದುಡಿಯಲು ಹೋಗುವವರಲ್ಲಿ ಈ ತಾಲ್ಲೂಕಿನ ನಿಜವಾದ ಹಿರಿಯರು ಸಾಫ್ಟ್‌ವೇರ್ ಹುಡುಗರಲ್ಲ, ಹಕ್ಕಿಪಿಕ್ಕಿ ಬುಡಕಟ್ಟಿನವರು. ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳದ ಕಡೆಯಿಂದ ಇವರು ಗಿಡಮೂಲಿಕೆ, ತಲೆಗೂದಲ ಎಣ್ಣೆ ಹಿಡಿದು ಆಫ್ರಿಕದ ದೇಶಗಳಿಗೆ ಹೋಗಿಬರುತ್ತಾರೆ. ಮನೆಯಲ್ಲಿ ವಾಗ್ರಿ, ಸಂತೆಯಲ್ಲಿ ಕನ್ನಡ, ಅಲ್ಲಿಗೆ ಹೋದಮೇಲೆ ಅಲ್ಲಿನ ಮಾತು. ಅವರ ಪಟ್ಟಿಯಲ್ಲಿ ತೆರಿಗೆಯ ಕಲಂ ಇಲ್ಲ. ಮುಂಚೆ ಹೋಗಿಬಂದ ನೆಂಟನ ಮಾತೇ ಪಟ್ಟಿ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಗಳ ಕಾದಾಟ ಶುರುವಾದಾಗ ಶಿವಮೊಗ್ಗ, ದಾವಣಗೆರೆ, ಮೈಸೂರು ಜಿಲ್ಲೆಗಳ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಹಾಕಿಕೊಂಡರು. ಇಲ್ಲಿ ಚುನಾವಣೆಯ ಕಾಲ. ಸಿದ್ದರಾಮಯ್ಯ ಮತ್ತು ವಿದೇಶಾಂಗ ಸಚಿವ ಜೈಶಂಕರ್ ನಡುವೆ ಟ್ವಿಟರಿನಲ್ಲಿ ಮಾತಿಗೆ ಮಾತು ಬೆಳೆಯಿತು. ಕೊನೆಗೆ ಸರ್ಕಾರ ಅವರನ್ನು 'ಆಪರೇಷನ್ ಕಾವೇರಿ'ಯಲ್ಲಿ ಕರೆತಂದಿತು. ಪರಿಶಿಷ್ಟ ಪಂಗಡದವರಿಗೆ ಆದಾಯ ತೆರಿಗೆ ಇಲ್ಲ ಎಂಬ ಮಾತು ನಮ್ಮಲ್ಲಿ ಓಡಾಡುತ್ತದೆ. ಆ ವಿನಾಯ್ತಿ ಇರುವುದು ಈಶಾನ್ಯದ ಕೆಲವು ಭಾಗ ಮತ್ತು ಲಡಾಖ್‌ಗೆ. ಚನ್ನಗಿರಿಯ ಹಕ್ಕಿಪಿಕ್ಕಿಗೆ ಅನ್ವಯಿಸದು. ಆದರೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ಭಾರತದ ನಿವಾಸಿಗೆ ತೆರಿಗೆ ಬೀಳದ ಈ ಕಾಲದಲ್ಲಿ ಎಣ್ಣೆ ಮಾರಿ ಬಂದವರು ಚಿಂತಿಸಬೇಕಾದದ್ದು ಪ್ರಯಾಣಕ್ಕೆ ಮಾಡಿದ ಸಾಲದ ಬಡ್ಡಿಯ ಬಗ್ಗೆ.

ಜಗಳೂರಿಗೆ ಬಂದರೆ ಲೆಕ್ಕವೇ ಬೇರೆ. ಮಳೆ ನಂಬಿದ ಮೆಕ್ಕೆಜೋಳ, ಶೇಂಗಾದ ನಾಡು. ತುಂಗಭದ್ರೆಯ ನೀರು ತಂದು 57 ಕೆರೆ ತುಂಬಿಸುವ ಯೋಜನೆಗೆ ಜನ ವರ್ಷಗಟ್ಟಲೆ ಕಾದರು. ಅಲ್ಲಿಂದ ಗಲ್ಫಿಗೆ ಹೋದವನು ತೆರಿಗೆ ತಪ್ಪಿಸಲು ಹೋದವನಲ್ಲ, ಸಂಬಳಕ್ಕೆ ಹೋದವನು. ಅಪ್ಪನ ತೋಟದ ಆಸರೆ ಇಲ್ಲದವನಿಗೆ 'ಊರಲ್ಲೇ ಇರು, ಶೇ 5.2 ಕಟ್ಟು' ಎನ್ನುವುದು ಬುದ್ಧಿವಾದವಾಗದು. ಗಲ್ಫಿನ ಸೊನ್ನೆಯೂ ಶಾಶ್ವತವಲ್ಲ. ವರ್ಷಕ್ಕೆ 42,000 ರಿಯಾಲ್ ಮೀರಿದ ಆದಾಯಕ್ಕೆ 2028ರಿಂದ ಶೇ 5 ತೆರಿಗೆ ಎಂದು ಒಮಾನ್ 2025ರಲ್ಲೇ ರಾಜಾಜ್ಞೆ ಹೊರಡಿಸಿದೆ. ಒಂದು ಬಾಗಿಲು ತೆರೆದರೆ ಉಳಿದವು ಮುಚ್ಚಿಯೇ ಇರುತ್ತವೆಂದು ನಾನಂತೂ ನಂಬುವುದಿಲ್ಲ.

ಹಾಗಾದರೆ ಹೋಗಬೇಕೋ ಬೇಡವೋ? ನನ್ನ ತೀರ್ಮಾನ ಇಷ್ಟು. ಸ್ವಂತ ಗುತ್ತಿಗೆಯ ಮೇಲೆ 75 ಲಕ್ಷದೊಳಗೆ ದುಡಿಯುವವರು ತೆರಿಗೆಯೊಂದಕ್ಕಾಗಿ ದೇಶ ಬಿಡುವುದು ದಂಡ. ದೊಡ್ಡ ಸಂಬಳದ ನೌಕರರಿಗೆ, ಕಂಪನಿಯೇ ಮನೆ ಬಾಡಿಗೆ ಕೊಡುವುದಾದರೆ, ದುಬೈ ಲಾಭ. ಹೋಗುವವರು ಒಂದು ಎಚ್ಚರ ಇಟ್ಟುಕೊಳ್ಳಿ: ಅನಿವಾಸಿಯಾದ ಮೇಲೂ ಸಂಬಳವನ್ನು ಮೊದಲು ಭಾರತದ ಬ್ಯಾಂಕ್ ಖಾತೆಗೇ ಹಾಕಿಸಿಕೊಂಡರೆ, ಇಲ್ಲಿ ಸ್ವೀಕರಿಸಿದ ಆದಾಯವೆಂದು ತೆರಿಗೆ ಬೀಳುತ್ತದೆ. ಅಲ್ಲಿಯ ಖಾತೆಗೆ ಹಾಕಿಸಿಕೊಂಡು ಆಮೇಲೆ ಊರಿಗೆ ಕಳಿಸಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಅದರಲ್ಲಿ ಹಳೆಯ ಕಲಂಗಳ ಸಂಖ್ಯೆ ಬೇರೆ. ಆಡಿಟರ್ ಹತ್ತಿರ ಹೊಸ ಸಂಖ್ಯೆ ಕೇಳಿಕೊಳ್ಳಿ. ಪಾಸ್‌ಪೋರ್ಟಿನ ಪ್ರತಿ ಮುದ್ರೆಯ ಜೆರಾಕ್ಸ್ ತೆಗೆದಿಡಿ, ವಿಮಾನದ ಟಿಕೆಟ್ ಎಸೆಯಬೇಡಿ. ನೋಟಿಸ್ ಬಂದಾಗ ಕೇಳುವುದು ಅವನ್ನೇ.