ಗಣಕಯಂತ್ರಕ್ಕೆ ಕಾಣದ ಡಿಸ್ಕು

ನಾನು ಕಲಾವಿಭಾಗದ ವಿದ್ಯಾರ್ಥಿ. ಯಂತ್ರದ ವಿಷಯವಾಗಿ ಬರೆಯಲು ಇವನಿಗೇನು ಅಧಿಕಾರವೆಂದು ಗುರುಗಳೂ ಸಹಪಾಠಿಗಳೂ ಕೇಳಬಹುದು. ಅಧಿಕಾರವಿಲ್ಲ, ಎರಡು ರಾತ್ರಿ ನಿದ್ದೆಗೆಟ್ಟು ಪಡೆದ ಅನುಭವವುಂಟು. ಓದುಬರಹವನ್ನೆಲ್ಲ ಒಂದೇ ಡಿಸ್ಕಿನಲ್ಲಿ ತುಂಬಿಟ್ಟು ನಿಶ್ಚಿಂತರಾಗಿರುವ ಮಿತ್ರರಿಗೆ ಅದು ಉಪಯೋಗಕ್ಕೆ ಬಂದೀತೆಂದು ಈ ಲೇಖನ.

ಹತ್ತಿಗಿರಣಿಗಳ ದೆಸೆಯಿಂದ ನಮ್ಮ ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಹರಿಹರದಲ್ಲಿ ೧೯೪೧ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಹಳೆಯ ಗಿರಣಿಗಳಲ್ಲಿ ಬಹುಪಾಲು ಮುಚ್ಚಿದವು. ಆ ಕಾರ್ಖಾನೆಯೂ ನಿಂತಿತು. ಅಂತಿಮ ವರ್ಷದ ಪ್ರಬಂಧಕ್ಕಾಗಿ ನಾನು ಎರಡೂ ಊರುಗಳ ಹನ್ನೊಂದು ಮಂದಿ ಹಳೆಯ ಕಾರ್ಮಿಕರ ಮಾತುಗಳನ್ನು ಫೋನಿನಲ್ಲಿ ಮುದ್ರಿಸಿಕೊಂಡಿದ್ದೆ. ಅವರಲ್ಲಿ ನೂಲುವ ವಿಭಾಗದಲ್ಲಿ ದುಡಿದ ನನ್ನ ಅಜ್ಜನೂ ಒಬ್ಬ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ; ಹಿರಿಯರು ಬರೆದಿಟ್ಟದ್ದು ಒಂದು ಸಾಲೂ ಇಲ್ಲ. ಅವರು ಆಡಿದ ಮಾತೇ ನಮ್ಮ ಇತಿಹಾಸ. ಫೋನು ತುಂಬಿತೆಂದು ಅದನ್ನೆಲ್ಲ ಡಿಸ್ಕಿಗೆ ಸಾಗಿಸಿ, ಫೋನಿನಲ್ಲಿದ್ದುದನ್ನು ಅಳಿಸಿಬಿಟ್ಟೆ. ಆಮೇಲೆ ಆ ಹನ್ನೊಂದು ಮಂದಿಯಲ್ಲಿ ಇಬ್ಬರು ತೀರಿಕೊಂಡರು.

ಒಂದು ದಿನ ಕಾಲೇಜಿನ ಗಣಕಯಂತ್ರಕ್ಕೆ ಡಿಸ್ಕನ್ನು ಜೋಡಿಸಿದರೆ ದೀಪ ಹತ್ತಿತು, ಒಳಗೆ ಏನೋ ತಿರುಗಿತು. ಪರದೆಯ ಮೇಲೆ ಮಾತ್ರ ಏನೂ ಮೂಡಲಿಲ್ಲ. “ಫಾರ್ಮ್ಯಾಟ್ ಮಾಡು, ಸರಿಹೋಗುತ್ತೆ” ಎಂದ ಮಿತ್ರನೊಬ್ಬ. ಡಿಸ್ಕೇನೋ ಸರಿಹೋದೀತು, ಅಜ್ಜನ ಮಾತು?

ಅದನ್ನು ಹಿಡಿದುಕೊಂಡು ಹರಿಹರಕ್ಕೆ, ದೊಡ್ಡಪ್ಪನ ಮನೆಗೆ ಹೋದೆ. ಅವರು ಮೂವತ್ತು ವರ್ಷ ಲೇತ್ ನಡೆಸಿದವರು, ಗಣಕಯಂತ್ರವನ್ನು ಮುಟ್ಟಿದವರಲ್ಲ. ನನ್ನ ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿದ ಡಿಸ್ಕಿಗೆ ಕಿವಿಗೊಟ್ಟು, “ಮೋಟಾರು ಸರಿಯಾಗಿ ತಿರುಗತೈತಲ್ಲೋ ತಮ್ಮಾ! ಮಿಷನ್ ಬಿಚ್ಚೋ ಮುಂಚೆ ಹೊರಗಿಂದ ನೋಡ್ಕೊಂತ ಬಾ. ಮೊದ್ಲು ಕರೆಂಟು, ಆಮೇಲೆ ವೈರು, ಕಡೀಗೆ ಮಿಷನ್ನು” ಎಂದರು. ನಾನು ಮುಂದೆ ತಿಳಿದುಕೊಂಡುದೆಲ್ಲ ಈ ಮಾತಿನ ವಿಸ್ತರಣೆಯೇ.

ಮೊದಲನೆಯದು ಶಬ್ದ. ಡಿಸ್ಕಿನೊಳಗೆ ನುಣುಪಾದ ತಟ್ಟೆಗಳು ವೇಗವಾಗಿ ಸುತ್ತುತ್ತಿರುತ್ತವೆ. ಓದುವ ಮುಳ್ಳು ಅವುಗಳನ್ನು ಮುಟ್ಟದೆ, ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತದೆ. ಒಂದೇ ಸಮನೆ ಗುಂಯ್‌ಗುಟ್ಟಿದರೆ ಭಯವಿಲ್ಲ. ಟಿಕ್ ಟಿಕ್ ಎಂದು ಬಡಿದುಕೊಳ್ಳುತ್ತಿದ್ದರೆ ಕೂಡಲೇ ಕಳಚಿ, ಬಲ್ಲವರಿಗೆ ಒಪ್ಪಿಸಬೇಕು. ಮನೆಯಲ್ಲಿ ಬಿಚ್ಚಿದರೆ ಒಂದು ಕಣ ಧೂಳೇ ಅದಕ್ಕೆ ಬಂಡೆ.

ಎರಡನೆಯದು ವಿದ್ಯುತ್ತು. ಸಣ್ಣ ಡಿಸ್ಕುಗಳು ಗಣಕಯಂತ್ರದಿಂದಲೇ ವಿದ್ಯುತ್ತನ್ನು ಪಡೆಯುತ್ತವೆ. ಹಳೆಯ ಯುಎಸ್‌ಬಿ ೨.೦ ಕಿಂಡಿ ಕೊಡುವುದು ೫೦೦ ಮಿಲಿಆಂಪಿಯರ್, ೩.೦ ಆದರೆ ೯೦೦. ನಡುವೆ ಹಬ್ ಇದ್ದರೆ ತೆಗೆದು, ಪೆಟ್ಟಿಗೆಯ ಹಿಂಬದಿಯ ಕಿಂಡಿಗೆ ನೇರವಾಗಿ ಜೋಡಿಸಿ ನೋಡಬೇಕು.

ಮೂರನೆಯದು ತಂತಿ. ನನ್ನ ತಪ್ಪು ಸಿಕ್ಕಿದ್ದು ಇಲ್ಲಿಯೇ. ಡಿಸ್ಕಿನ ಸ್ವಂತ ತಂತಿಯನ್ನು ಕಳೆದುಕೊಂಡು ಫೋನಿನ ಚಾರ್ಜರ್ ತಂತಿಯನ್ನು ಬಳಸುತ್ತಿದ್ದೆ. ಅಂಥ ಕೆಲವು ತಂತಿಗಳಲ್ಲಿ ವಿದ್ಯುತ್ತು ಮಾತ್ರ ಹರಿಯುತ್ತದೆ. ಮಾಹಿತಿಯನ್ನು ಸಾಗಿಸುವ ಎಳೆಗಳೇ ಇರುವುದಿಲ್ಲ. ಆದುದರಿಂದಲೇ ದೀಪ ಹತ್ತಿತು, ಮಾತು ಬರಲಿಲ್ಲ. “ಮೋಟಾರು ತಿರುಗಿದ್ರೂ ಬೆಲ್ಟ್ ಇಲ್ದಂಗೆ” ಎಂದು ದೊಡ್ಡಪ್ಪ ನಕ್ಕರು.

ಸರಿಯಾದ ತಂತಿ ತಂದರೂ ಡಿಸ್ಕು ಎಂದಿನ ಸ್ಥಳದಲ್ಲಿ ಕಾಣಲಿಲ್ಲ. ಆಗ ನಾಲ್ಕನೆಯ ಹೆಜ್ಜೆ. ವಿಂಡೋಸಿನ ಸ್ಟಾರ್ಟ್ ಗುಂಡಿಯ ಮೇಲೆ ಬಲಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದರೆ, ಜೋಡಿಸಿದ ಡಿಸ್ಕುಗಳ ಪಟ್ಟಿ ಬರುತ್ತದೆ. ನನ್ನದು ಅಲ್ಲಿ ಆರೋಗ್ಯವಾಗಿಯೇ ಇತ್ತು. ಅದಕ್ಕೆ ಇರಬೇಕಾದ ಇಂಗ್ಲಿಷ್ ಅಕ್ಷರ ಮಾತ್ರ ಇರಲಿಲ್ಲ. ಮನೆಯಿದೆ, ಬಾಗಿಲ ಸಂಖ್ಯೆಯಿಲ್ಲ ಎಂಬಂತೆ. ಆ ಭಾಗದ ಮೇಲೆ ಬಲಕ್ಲಿಕ್ ಮಾಡಿ ಬಳಕೆಯಲ್ಲಿರದ ಒಂದು ಅಕ್ಷರವನ್ನು ಕೊಟ್ಟರೆ ಸಾಕು. ಒಳಗಿನ ಮಾಹಿತಿಗೆ ಧಕ್ಕೆಯಿಲ್ಲ.

ಆದರೆ ಅಲ್ಲಿ ‘ರಾ’ ಎಂದು ಕಂಡರೆ, ಅಥವಾ ‘ಫಾರ್ಮ್ಯಾಟ್’, ‘ಇನಿಷಿಯಲೈಸ್’ ಮಾಡಬೇಕೆಂದು ಯಂತ್ರ ಕೇಳಿದರೆ, ಒಳಗಿನದು ಬೇಕಾದವರು ಒಪ್ಪಬಾರದು. ಅದು ಕೊಡುವುದು ಖಾಲಿ ಡಿಸ್ಕನ್ನು. ಮ್ಯಾಕ್ ಅಥವಾ ಲಿನಕ್ಸಿನಲ್ಲಿ ಸಿದ್ಧಪಡಿಸಿದ ಡಿಸ್ಕನ್ನು ವಿಂಡೋಸ್ ಓದಲಾರದೆಯೂ ಹೀಗೆ ಕೇಳುವುದುಂಟು; ಮೊದಲು ಅದೇ ಬಗೆಯ ಯಂತ್ರಕ್ಕೆ ಜೋಡಿಸಿ ನೋಡಬೇಕು. ಆಗಲೂ ತೆರೆಯದಿದ್ದರೆ, ಹೊಸದೇನನ್ನೂ ಅದರೊಳಗೆ ಬರೆಯದೆ, ಮಾಹಿತಿಯನ್ನು ಹೊರತೆಗೆಯಬಲ್ಲವರ ಬಳಿಗೆ ಒಯ್ಯಬೇಕು. ಪಟ್ಟಿಯಲ್ಲಿಯೇ ಇಲ್ಲದಿದ್ದರೆ ಇನ್ನೊಂದು ಯಂತ್ರದಲ್ಲಿ ನೋಡುವುದು. ಅಲ್ಲಿ ಕಂಡರೆ ದೋಷ ಡಿಸ್ಕಿನದಲ್ಲ.

ಅಕ್ಷರ ಕೊಟ್ಟೊಡನೆ ಹನ್ನೊಂದು ಕಡತಗಳೂ ಕಂಡವು. ಮೊದಲನೆಯದನ್ನು ತೆರೆದೆ. ಪಾಳಿಯ ಸೈರನ್ನಿಗೆ ಊರೇ ಏಳುತ್ತಿದ್ದ ಕಾಲವನ್ನು ಅಜ್ಜ ಹೇಳುತ್ತಿದ್ದ. ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

ಡಿಸ್ಕು ಕಾಣದಿದ್ದರೆ ಸತ್ತಿತೆಂದು ತಿಳಿಯಬೇಕಾಗಿಲ್ಲ. ಆದರೆ ಅದು ಒಂದು ದಿನ ಸಾಯುವುದಂತೂ ನಿಜ. ಈಗ ಆ ಮಾತುಗಳ ಒಂದು ಪ್ರತಿ ನನ್ನಲ್ಲಿದೆ, ಒಂದು ನಮ್ಮ ಇತಿಹಾಸ ವಿಭಾಗದಲ್ಲಿದೆ, ಮತ್ತೊಂದು ಹರಿಹರದಲ್ಲಿ ದೊಡ್ಡಪ್ಪನ ಟ್ರಂಕಿನಲ್ಲಿ, ಅದರ ಸ್ವಂತ ತಂತಿಯೊಡನೆ ಇದೆ. ಮಿತ್ರರು ಈ ಸಂಚಿಕೆಯನ್ನು ಮಡಿಸಿಡುವ ಮುನ್ನ ತಮ್ಮದೊಂದು ಪ್ರತಿಯನ್ನು ಮಾಡಿಟ್ಟರೆ ನನ್ನ ಶ್ರಮ ಸಾರ್ಥಕ.